ಗುಡ್ಡ ಎಲ್ಲರದು, ಕೈ ಎತ್ತುವವರು ನಾಲ್ಕೇ ಮಂದಿ

ಮಿರಗದ ಮಳೆ ಬಿದ್ದು ನೆಲ ಹಸಿಯಾಯಿತೆಂದರೆ ಗಡಿಯ ಆ ಕಡೆಯೂ ಈ ಕಡೆಯೂ ಸಸಿ ನೆಡುವ ಹಬ್ಬ ಶುರುವಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಸಸಿ ಬರುತ್ತವೆ, ಕೂಲಿಯವರು ಗುಂಡಿ ತೋಡುತ್ತಾರೆ, ದೊಡ್ಡವರು ಬಂದು ಒಂದು ಚೊಂಬು ನೀರು ಹೊಯ್ದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮರ ಬೇಡ ಎನ್ನುವ ರೈತ ಎಲ್ಲಿಯೂ ಇಲ್ಲ. ಆದರೆ ಸಸಿ ನೆಟ್ಟ ಕೆಲವೇ ದಿನಕ್ಕೆ ಗುಡ್ಡದ ಸುತ್ತ ಮುಳ್ಳುತಂತಿ ಬೀಳುತ್ತದೆ. ‘ಇನ್ನ ಮೂರು ವರ್ಷ ಯಾರೂ ಮ್ಯಾಲೆ ಹೋಗಬ್ಯಾಡ್ರಿ, ದನಾ ಬಿಡಬ್ಯಾಡ್ರಿ’ ಎಂದು ಡಂಗುರ ಸಾರುತ್ತಾರೆ. ಇದನ್ನು ತೀರ್ಮಾನಿಸಿದವರು ಯಾರು? ಯಾವ ಸಭೆಯಲ್ಲಿ? ಆ ಸಭೆಯಲ್ಲಿ ಗುಡ್ಡದ ಕಟ್ಟಿಗೆಯಿಂದಲೇ ಒಲೆ ಹಚ್ಚುವ ಹೆಣ್ಣುಮಗಳು ಇದ್ದಳೇ? ಆಡು ಕಾಯುವವನು ಇದ್ದನೇ? ಇದ್ದರೂ ಬಾಯಿ ತೆರೆದರೇ? ತೆರೆದಿದ್ದರೆ ಅವರ ಮಾತು ಠರಾವಿನ ಪುಸ್ತಕದಲ್ಲಿ ಬಿತ್ತೇ?

ಕೇತಕಿ ಸಂಗಮೇಶ್ವರನ ಝರಾಸಂಗಂ ಕೇದಗೆಯ ವನದ ಹೆಸರನ್ನು ದೇವರಿಗೇ ಇಟ್ಟ ಊರು. ಶಿವರಾತ್ರಿ ಜಾತ್ರೆಗೆ ಬೀದರಿನವರೂ ಬರುತ್ತಾರೆ, ಜಹೀರಾಬಾದಿನವರೂ ಬರುತ್ತಾರೆ. ಗಿಡಮರವನ್ನು ದೇವರ ಸಮಕ್ಕೆ ಕಾಣುವ ನಮ್ಮ ಜನರಿಗೆ ಕಾಡು ಉಳಿಸಿರಿ ಎಂದು ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಹೇಳಬೇಕಾದ ಮಾತು ಬೇರೆ ಇದೆ. ಊರ ಕಾಡಿನ ಸಭೆಯಲ್ಲಿ ಬಡವರಿಗೆ ಜಮಖಾನೆ ಹಾಸಿ ಕೂಡಿಸಿದರೆ ಸಾಲದು, ಅವರಿಗೆ ಮಾತು ಕೊಡಬೇಕು. ಅದನ್ನೂ ತೀರ್ಮಾನ ಆಗುವ ಮೊದಲೇ ಕೊಡಬೇಕು. ಹೀಗೆ ಮಾಡದ ಊರಿನಲ್ಲಿ ನ್ಯಾಯವೂ ಉಳಿಯುವುದಿಲ್ಲ, ನೆಟ್ಟ ಸಸಿಯೂ ಉಳಿಯುವುದಿಲ್ಲ.

ನಷ್ಟ ಯಾರ ಪಾಲಿಗೆ?

ನಮ್ಮ ಭಾಗದಲ್ಲಿ ಮಲೆನಾಡಿನಂಥ ದಟ್ಟ ಅಡವಿ ಇಲ್ಲ. ಕುರುಚಲು ಗುಡ್ಡ, ಗೈರಾನು, ಕೆರೆಯ ಅಂಚು, ಹಳ್ಳದ ದಂಡೆ, ಅಲ್ಲೊಂದು ಇಲ್ಲೊಂದು ಅರಣ್ಯ ಇಲಾಖೆಯ ರಿಸರ್ವು, ಇಷ್ಟೇ ನಮ್ಮ ಕಾಡು. ಪಡುವಣಕ್ಕೆ ಹೋದರೆ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಚಿಂಚೋಳಿಯ ಕಾಡು ಇದೆ. ಅದರ ಒಳಗೂ ಅಂಚಿಗೂ ತಾಂಡಾಗಳಿವೆ.

ಈ ಕುರುಚಲು ಗುಡ್ಡ ನೋಡುವವರಿಗೆ ಬರಡು. ಅದರಿಂದ ಬದುಕುವವರಿಗೆ ಅದೇ ಉಗ್ರಾಣ. ಸೀತಾಫಲದ ಕಾಲದಲ್ಲಿ ಬುಟ್ಟಿ ಹೊತ್ತು ರಸ್ತೆಗೆ ಬರುವ ಹೆಂಗಸರು ಅದನ್ನು ತಂದದ್ದು ಆ ಗುಡ್ಡದಿಂದ. ಮುತ್ತಲ ಎಲೆ ಪತ್ರಾವಳಿಯಾಗುತ್ತದೆ, ಈಚಲ ಗರಿ ಕಸಬರಿಗೆಯಾಗುತ್ತದೆ. ಯಾರೂ ಬಿತ್ತದೆ ತಾನಾಗಿ ಹುಟ್ಟುವ ಹತ್ತಾರು ಬಗೆಯ ಪಲ್ಯದ ಸೊಪ್ಪು ಮಳೆಗಾಲದಲ್ಲಿ ಬಡವರ ರೊಟ್ಟಿಗೆ ಜೊತೆಯಾಗುತ್ತದೆ. ಬತುಕಮ್ಮನ ಹಬ್ಬಕ್ಕೆ ಊರಿನ ಹೆಣ್ಣುಮಕ್ಕಳೆಲ್ಲ ಪೇರಿಸುವ ತಂಗಡಿ ಹೂವು, ಗುನುಗು ಹೂವು ಯಾರ ಪಟ್ಟಾ ಜಮೀನಿನಲ್ಲೂ ಬಿತ್ತಿ ಬೆಳೆದದ್ದಲ್ಲ. ಅವು ಎಲ್ಲರ ನೆಲದ ಹೂವು.

ಇನ್ನು ಒಲೆಯ ಲೆಕ್ಕ ನೋಡೋಣ. ತೊಗರಿ ಬೆಳೆಯುವ ರೈತನಿಗೆ ರಾಶಿ ಆದ ಮೇಲೆ ತೊಗರಿ ಕಟ್ಟಿಗೆ ಉಳಿಯುತ್ತದೆ, ಹತ್ತಿ ಕಟ್ಟಿಗೆ ಉಳಿಯುತ್ತದೆ. ದನಕ್ಕೆ ಜೋಳದ ಕಣಿಕೆ ಇದೆ, ಕಬ್ಬಿನ ಸೋಗೆ ಇದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ನಾವೆಲ್ಲ ಹಿಗ್ಗಿದೆವು. ಆದರೆ ಆ ತೊಗರಿಯನ್ನು ಕೊಯ್ದು ಬಡಿದವಳ ಮನೆಗೆ ಅದರ ಕಟ್ಟಿಗೆ ಹೋಗುವುದಿಲ್ಲ. ಅದು ಹೊಲದ ಯಜಮಾನನ ಹಿತ್ತಲಿಗೆ ಹೋಗುತ್ತದೆ. ಭೂಮಿ ಇಲ್ಲದವಳಿಗೆ ಉರುವಲು ಎಂದರೆ ಗುಡ್ಡ, ಮೇವು ಎಂದರೂ ಗುಡ್ಡ. ಗ್ಯಾಸಿನ ಸಿಲಿಂಡರು ಮೂಲೆಯಲ್ಲಿ ನಿಂತಿದ್ದರೂ ಅದನ್ನು ಮತ್ತೆ ತುಂಬಿಸಲು ರೊಕ್ಕ ಬೇಕಲ್ಲ!

ಹೀಗಿರುವಾಗ ‘ಗುಡ್ಡ ಮುಚ್ಚೋಣ’ ಎಂಬ ಠರಾವಿಗೆ ಕೈ ಎತ್ತಲು ಹೊಲ ಇದ್ದವನಿಗೆ ಕಷ್ಟವೇನು? ಅವನ ಒಲೆ ಆರುವುದಿಲ್ಲ, ಅವನ ಎತ್ತು ಹಸಿಯುವುದಿಲ್ಲ. ಅವನು ಕೆಟ್ಟವನೆಂದು ನಾವು ಹೇಳುತ್ತಿಲ್ಲ. ನಷ್ಟ ತನ್ನದಲ್ಲದಾಗ ಒಳ್ಳೆಯವನಿಗೂ ಅದು ಕಾಣುವುದಿಲ್ಲ. ತೀರ್ಮಾನದಿಂದ ಏನೂ ಕಳೆದುಕೊಳ್ಳದವರು ಕೈ ಎತ್ತುತ್ತಾರೆ, ಎಲ್ಲ ಕಳೆದುಕೊಳ್ಳುವವರು ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ. ನಿನ್ನೆಯ ತನಕ ಕಟ್ಟಿಗೆ ಆಯುತ್ತಿದ್ದವಳು ಇವತ್ತು ಕಳ್ಳಿ. ಅವಳ ಕುಡುಗೋಲು ಕಸಿದುಕೊಳ್ಳುತ್ತಾರೆ, ದಂಡ ಹಾಕುತ್ತಾರೆ.

ಕಾಗದದ ಮೇಲೆ ಎಲ್ಲರೂ ಇದ್ದಾರೆ

ಕಾನೂನಿನಲ್ಲಿ ಅವಕಾಶ ಇಲ್ಲವೇ ಎಂದರೆ, ಇದೆ. ಕೇಂದ್ರ ಸರ್ಕಾರ 1990ರ ಜೂನ್ 1ರಂದು ಸುತ್ತೋಲೆ ಹೊರಡಿಸಿ, ಕಾಡು ಕಾಯುವುದರಲ್ಲಿ ಊರಿನವರನ್ನೂ ಪಾಲುದಾರರನ್ನಾಗಿ ಮಾಡಬೇಕೆಂದು ರಾಜ್ಯಗಳಿಗೆ ತಿಳಿಸಿತು. ಆಗಿನ ಆಂಧ್ರಪ್ರದೇಶ 1992ರಲ್ಲಿ ವನ ಸಂರಕ್ಷಣ ಸಮಿತಿಗಳಿಗೆ ಆದೇಶ ಕೊಟ್ಟಿತು. ಪ್ರತಿ ಮನೆಯಿಂದ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಹೆಂಗಸೇ ಆಗಿರಬೇಕು ಎಂದಿತು. ಕರ್ನಾಟಕದಲ್ಲಿ 1993ರ ಏಪ್ರಿಲ್‌ನಲ್ಲಿ ಗ್ರಾಮ ಅರಣ್ಯ ಸಮಿತಿಗಳ ಆದೇಶ ಬಂತು. 2000ದ ಫೆಬ್ರವರಿಯಲ್ಲಿ ಕೇಂದ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯ ಸಭೆಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಕಾರ್ಯಕಾರಿ ಸಮಿತಿಯಲ್ಲಿ ನೂರಕ್ಕೆ 33 ಸ್ಥಾನ ಅವರಿಗೆ ಬೇಕು, ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಈ ಮೂರರಲ್ಲಿ ಒಂದು ಹುದ್ದೆಯಾದರೂ ಹೆಂಗಸಿಗೆ ಸಿಗಬೇಕು ಎಂದಿತು. 2002ರಿಂದ ಆಂಧ್ರದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಸಮುದಾಯ ಅರಣ್ಯ ನಿರ್ವಹಣೆ ಎಂಬ ಹೆಸರಿನಲ್ಲಿ ಇದೇ ಕೆಲಸ ನಡೆಯಿತು. ಹಣ ಮುಗಿದ ಮೇಲೆ ಅನೇಕ ಸಮಿತಿಗಳು ತಣ್ಣಗಾದವು.

ಕಾಗದ ಚೆನ್ನಾಗಿದೆ. ಸಭೆ ಹೇಗೆ ನಡೆಯುತ್ತದೆ ಎಂಬುದು ನಮಗೆ ನಿಮಗೆ ಗೊತ್ತಿಲ್ಲದ ಗುಟ್ಟೇನಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಪಂಚಾಯಿತಿ ಕಚೇರಿಯಲ್ಲಿ ಸಭೆ ಕರೆಯುತ್ತಾರೆ. ಆ ಹೊತ್ತಿಗೆ ಕೂಲಿಯವರು ಕಬ್ಬಿನ ಹೊಲದಲ್ಲಿರುತ್ತಾರೆ, ಶುಂಠಿಯ ಮಡಿಯಲ್ಲಿರುತ್ತಾರೆ. ಸಭೆಗೆ ಬಂದರೆ ಅಂದಿನ ಕೂಲಿ ಹೋಯಿತು. ನೋಟಿಸು ಗೋಡೆಯ ಮೇಲೆ ಅಚ್ಚಿನ ತೆಲುಗಿನಲ್ಲಿರುತ್ತದೆ. ಅದನ್ನು ಓದಬೇಕಾದ ಕುರುಬರ ಮುದುಕ ಮನೆಯಲ್ಲಿ ಕನ್ನಡ ಆಡುವವನು, ಓದಲು ಬಾರದವನು. ತಾಂಡಾದ ಹೆಣ್ಣುಮಗಳದು ಗೋರಮಾಟಿ. ಸಾಹೇಬರು ಮಾತಾಡುವುದು ಅರ್ಧ ತೆಲುಗು, ಅರ್ಧ ಇಂಗ್ಲಿಷು. ಬಂದ ನಾಲ್ಕು ಹೆಂಗಸರು ಬಾಗಿಲ ಬಳಿ ಸೆರಗು ಮುಚ್ಚಿ ಕೂತರೆ ಒಳಗಿನ ಮಾತು ಅವರಿಗೆ ಕೇಳಿಸುವುದೂ ಇಲ್ಲ. ಸರಪಂಚಮ್ಮ ಕುರ್ಚಿಯಲ್ಲಿದ್ದರೂ ಮಾತು ಅವಳ ಗಂಡನದು. ಮಾರನೆಯ ದಿನ ರಜಿಸ್ಟರು ಮನೆಮನೆಗೆ ಬರುತ್ತದೆ. ‘ಇಲ್ಲೊಂದು ಹೆಬ್ಬೆಟ್ಟು ಒತ್ತವ್ವಾ’ ಎನ್ನುತ್ತಾರೆ. ಅವಳು ಒತ್ತುತ್ತಾಳೆ. ಕೋರಂ ಆಯಿತು, ಎಲ್ಲರ ಒಪ್ಪಿಗೆ ಎಂದು ಬರೆದಾಯಿತು. ಹೆಬ್ಬೆಟ್ಟು ಸಿಕ್ಕರೆ ಒಪ್ಪಿಗೆ ಸಿಕ್ಕಂತಲ್ಲ ಎಂಬುದನ್ನು ಬರೆದವರೂ ಬಲ್ಲರು.

ಇದಕ್ಕೆ ಸರಪಂಚರನ್ನೊಬ್ಬರನ್ನೇ ಬೈದರೆ ಆಗದು. ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆ ಊರಿಗೊಂದು ನರ್ಸರಿ ಇರಬೇಕು, ನೆಟ್ಟ ಸಸಿಯಲ್ಲಿ ನೂರಕ್ಕೆ 85 ಬದುಕಬೇಕು, ಇಲ್ಲವಾದರೆ ಸರಪಂಚರ ಮೇಲೂ ಕಾರ್ಯದರ್ಶಿಯ ಮೇಲೂ ಕ್ರಮ ಎಂದು ಬರೆದಿದೆ. ಪಂಚಾಯಿತಿ ಬಜೆಟ್ಟಿನ ನೂರಕ್ಕೆ ಹತ್ತು ಭಾಗ ಹಸಿರಿಗೆ ಮೀಸಲು. 2015ರಲ್ಲಿ ಹರಿತಹಾರಂ ಎಂದು ಶುರುವಾಗಿ 2024ರಲ್ಲಿ ವನಮಹೋತ್ಸವ ಎಂದು ನಡೆದ ಕಾರ್ಯಕ್ರಮಕ್ಕೆ ಪ್ರತಿ ವರ್ಷ ಗುರಿಯ ಲೆಕ್ಕ ಮೇಲಿನಿಂದ ಬರುತ್ತದೆ. ಸಸಿ ಸತ್ತರೆ ಕುರ್ಚಿ ಹೋಗುತ್ತದೆ ಎಂಬ ಹೆದರಿಕೆ ಇರುವವನು ಆಡು ಕಾಯುವವನನ್ನು ಕೂಡಿಸಿಕೊಂಡು ಮಾತಾಡುತ್ತಾನೆಯೇ? ಮೊದಲು ಬೇಲಿ ಹಾಕುತ್ತಾನೆ. ಸಸಿ ಎಷ್ಟು ಬದುಕಿದವು ಎಂದು ಎಣಿಸುವ ಕಾನೂನು, ಸಭೆಯಲ್ಲಿ ಯಾರು ಮಾತಾಡಿದರು ಎಂದು ಎಣಿಸುವುದಿಲ್ಲ. ಕೊರತೆ ಇರುವುದು ಇಲ್ಲಿ.

ಗಡಿ ಎಂಬ ಇನ್ನೊಂದು ಬೇಲಿ

ನಮ್ಮ ಭಾಗದವರಿಗೆ ಮುಳ್ಳುತಂತಿಯ ಬೇಲಿಯ ಜೊತೆಗೆ ಇನ್ನೊಂದು ಬೇಲಿ ಇದೆ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ತುಂಡಾದಾಗ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳೂ ನ್ಯಾಲ್ಕಲ್ ಸರ್ಕಲ್ಲೂ ಆಂಧ್ರಕ್ಕೆ ಹೋದವು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ ಹೋದವು. ನೆಂಟಸ್ತಿಕೆ ಎರಡೂ ಕಡೆ ಉಳಿಯಿತು, ಕಾಗದಪತ್ರ ಬೇರೆಯಾಯಿತು.

ಇದರ ಪರಿಣಾಮ ಎಷ್ಟು ದೂರ ಹೋಗಿದೆ ಎಂಬುದಕ್ಕೆ ಲಂಬಾಣಿಗರನ್ನೇ ನೋಡಿರಿ. ತೆಲಂಗಾಣದ ಕಡೆ ಲಂಬಾಡಿಗಳು 1976ರ ತಿದ್ದುಪಡಿಯಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕರ್ನಾಟಕದಲ್ಲಿ ಅದೇ ಲಂಬಾಣಿಗರು ಪರಿಶಿಷ್ಟ ಜಾತಿ. ಅಣ್ಣ ನಾರಾಯಣಖೇಡದ ತಾಂಡಾದಲ್ಲಿ, ತಂಗಿ ಚಿಂಚೋಳಿಯ ತಾಂಡಾದಲ್ಲಿ ಎಂದರೆ ಇಬ್ಬರಿಗೂ ಬೇರೆ ಬೇರೆ ಸರ್ಟಿಫಿಕೇಟು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ವ್ಯತ್ಯಾಸ ಮಾತಿನ ವ್ಯತ್ಯಾಸವಾಗಿ ಉಳಿಯಲಿಲ್ಲ. ಪಂಗಡದವರು 2005ರ ಡಿಸೆಂಬರ್ 13ಕ್ಕೂ ಮೊದಲು ಆ ಕಾಡಿನಲ್ಲಿದ್ದು ಅದನ್ನೇ ನಂಬಿ ಬದುಕುತ್ತಿದ್ದರೆಂದು ತೋರಿಸಿದರೆ ಸಾಕು. ಉಳಿದವರು, ಅಂದರೆ ಪರಿಶಿಷ್ಟ ಜಾತಿಯವರು, ಹಿಂದುಳಿದವರು, ಕುರುಬರು, ಎಲ್ಲರೂ ಆ ದಿನಕ್ಕೂ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷದಿಂದ ಅಲ್ಲಿಯೇ ಇದ್ದೆವೆಂದು ತೋರಿಸಬೇಕು. 1930ರ ದಾಖಲೆ ತರಬೇಕು! ಅದು ನಿಜಾಮರ ಕಾಲ, ದಫ್ತರವೆಲ್ಲ ಉರ್ದು. ಆ ಕಾಲದಲ್ಲಿ ಆಡು ಕಾಯುವವನ ಹೆಸರನ್ನು ಯಾವ ಪಟವಾರಿ ಬರೆದಿಟ್ಟಿದ್ದ?

ಆದರೂ ಒಂದು ಮಾತು ನಮ್ಮ ಜನ ತಿಳಿದಿರಬೇಕು. ಆ ಕಾಯ್ದೆಯ ನಿಯಮಗಳು ಸರ್ಕಾರಿ ಕಾಗದವನ್ನೇ ಕೇಳುವುದಿಲ್ಲ. ಊರಿನ ಹಿರಿಯರು ಹೇಳಿ ಬರೆಸಿದ ಮಾತನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು ಎಂದಿದೆ, ಅಷ್ಟೆ. ಹಳೆಯ ಬಾವಿ, ಗೋರಿ, ದೇವರ ಕಟ್ಟೆ ಕೂಡ ಸಾಕ್ಷಿ ಹೇಳಬಲ್ಲವು. ಅರಣ್ಯ ಹಕ್ಕು ಸಮಿತಿಯಲ್ಲಿ ಹತ್ತರಿಂದ ಹದಿನೈದು ಮಂದಿ ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು. 2012ರ ತಿದ್ದುಪಡಿಯ ನಂತರ ಗ್ರಾಮಸಭೆಗೆ ಅರ್ಧದಷ್ಟು ಜನ ಕೂಡಬೇಕು, ಕೂಡಿದವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಒಬ್ಬೊಬ್ಬರ ಸಾಗುವಳಿ ಚಕ್ಕಿನ ಜೊತೆಗೆ, ಸಮುದಾಯದ ಕಾಡನ್ನು ಕಾಯುವ, ನಡೆಸುವ ಹಕ್ಕನ್ನೂ ಆ ಕಾಯ್ದೆ ಊರಿಗೆ ಕೊಡುತ್ತದೆ. ಗೈರಾನಿಗೆ ಈ ಕಾಯ್ದೆ ತಾಗುವುದಿಲ್ಲ, ಅರಣ್ಯ ಭೂಮಿಗೆ ಮಾತ್ರ. ಆದರೆ ಸಭೆ ಹೇಗೆ ಕೂಡಬೇಕು ಎಂಬ ಅದರ ನಿಯಮವನ್ನು ಗೈರಾನಿಗೂ ನಾವೇ ಅನ್ವಯಿಸಿಕೊಂಡರೆ ಬೇಡ ಎನ್ನುವವರು ಯಾರು?

ಕುಸನೂರು ಕಲಿಸಿದ ಪಾಠ

ಕೇಳದೆ ಮಾಡಿದ ಕಾಡು ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಂದು ಸಲ ಕಂಡಿದೆ. 1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ನೆಲದಲ್ಲಿ ನೀಲಗಿರಿ ಬೆಳೆಯುವುದು ಅದರ ಗುರಿ. ಕಾಗದದಲ್ಲಿ ಅದು ಬೀಳು ಭೂಮಿ. ಊರಿನವರಿಗೆ ಅದು ದನದ ಮೇವು, ಒಲೆಯ ಕಟ್ಟಿಗೆ. ಅವರನ್ನು ಯಾರೂ ಕೇಳಲಿಲ್ಲ. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ ಜನ ಕೂಡಿ ನೀಲಗಿರಿ ಸಸಿ ಕಿತ್ತು ಆ ಜಾಗದಲ್ಲಿ ಊರಿಗೆ ಬೇಕಾದ ಸಸಿ ನೆಟ್ಟರು. ಅದೇ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ. 1991ಕ್ಕೆ ಆ ಕಂಪನಿ ಮುಚ್ಚಿತು.

ಆ ಸತ್ಯಾಗ್ರಹದ ಹೆಸರಿನಲ್ಲಿಯೇ ಅರ್ಥ ಇದೆ. ಜನ ಕಿತ್ತು ಸುಮ್ಮನೆ ಮನೆಗೆ ಹೋಗಲಿಲ್ಲ, ಹಚ್ಚಿದರು. ಮರ ಬೇಡ ಎಂಬುದು ಅವರ ತಕರಾರಾಗಿರಲಿಲ್ಲ. ಯಾವ ಮರ, ಯಾರಿಗಾಗಿ, ಯಾರನ್ನು ಕೇಳಿ ಎಂಬುದಷ್ಟೇ ಅವರ ಪ್ರಶ್ನೆ.

ನಮ್ಮ ಮನೆ ಬಾಗಿಲ ಸಾಕ್ಷಿ

‘ಅವರಿಗೆ ಏನ್ ತಿಳೀತದ್ರೀ? ಅಕ್ಷರ ಬರಲ್ಲ, ಲೆಕ್ಕ ಬರಲ್ಲ’ ಎನ್ನುವವರು ನಮ್ಮಲ್ಲಿ ಬಹಳ ಇದ್ದಾರೆ. ಅವರು ದೂರ ಹೋಗಬೇಕಾಗಿಲ್ಲ, ಜಹೀರಾಬಾದಿನ ಸುತ್ತಲ ಊರುಗಳನ್ನೇ ನೋಡಲಿ.

ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಇಲ್ಲಿ ದಲಿತ ಹೆಂಗಸರ ಸಂಘಗಳನ್ನು ಕಟ್ಟಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಆ ಸಂಘಗಳ ಹೆಂಗಸರು ಬೀಳು ನೆಲವನ್ನು ಉತ್ತು ಬಿತ್ತಿದರು, ಬೋಳು ಗುಡ್ಡದಲ್ಲಿ ಊರ ಕಾಡು ಬೆಳೆಸಿದರು, ಔಷಧಿ ಗಿಡಗಳ ವನ ಮಾಡಿದರು. 1990ರ ದಶಕದ ನಡುವೆ ತಮ್ಮದೇ ಜೋಳದ ಪಡಿತರ ಶುರುಮಾಡಿದಾಗ, ಯಾರು ಕಡುಬಡವರು ಎಂಬುದನ್ನು ಕಚೇರಿಯ ಪಟ್ಟಿ ನೋಡಿ ಹೇಳಲಿಲ್ಲ. ಊರ ನಡುವೆ ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ, ಮನೆಮನೆಯ ಸ್ಥಿತಿಯನ್ನು ಎಲ್ಲರೆದುರೇ ಗುರುತಿಸಿದರು. ಎಲ್ಲರ ಕಣ್ಣಿಗೆ ಬೀಳುವ ನಕ್ಷೆಯಲ್ಲಿ ಸುಳ್ಳು ನಿಲ್ಲುವುದಿಲ್ಲ. ಅಕ್ಷರ ಬಾರದವಳೂ ಬೆರಳು ತೋರಿಸಿ ‘ಇದು ತಪ್ಪು’ ಎನ್ನಬಹುದು. ರಜಿಸ್ಟರಿನ ಮುಂದೆ ಹೀಗೆ ಆಗುವುದಿಲ್ಲ.

2001ರ ಜೂನ್ ಕೊನೆಯಲ್ಲಿ ಜಹೀರಾಬಾದ್ ಬಳಿಯ ಆಲ್ಗೋಲ್ ಗ್ರಾಮದಲ್ಲಿ ‘ಪ್ರಜಾತೀರ್ಪು’ ನಡೆಯಿತು. ರಾಜ್ಯದ ನಾನಾ ಭಾಗದ ಸಣ್ಣ ರೈತರು, ಅವರಲ್ಲಿ ಬಹುಪಾಲು ಹೆಂಗಸರು, ಪಂಚರಾಗಿ ಕೂತರು. ಸರ್ಕಾರದ ಆಗಿನ ವಿಷನ್ 2020 ಯೋಜನೆಯ ಪರ ಮಾತಾಡುವವರನ್ನೂ ವಿರೋಧ ಮಾತಾಡುವವರನ್ನೂ ಕರೆಸಿ, ಪ್ರಶ್ನೆ ಕೇಳಿ, ಕೊನೆಗೆ ತಮ್ಮ ತೀರ್ಪು ಕೊಟ್ಟರು. ಭೂಮಿ ಕೆಲವರ ಕೈಗೆ ಸೇರುವುದು ಬೇಡ ಎಂದರು. ಔಷಧಿ ಗಿಡಗಳ ಮೇಲಿನ ತಮ್ಮ ಹಿಡಿತ ತಪ್ಪಿ ಅವು ಹೊರದೇಶಕ್ಕೆ ಹೋಗುವುದು ಬೇಡ ಎಂದರು. ಸರ್ಕಾರ ಅದನ್ನು ಒಪ್ಪಿತೇ ಬಿಟ್ಟಿತೇ ಎಂಬುದು ಬೇರೆ ಮಾತು. ಸಮಯ ಕೊಟ್ಟು, ತಿಳಿಯುವ ಭಾಷೆಯಲ್ಲಿ ವಿಷಯ ಇಟ್ಟರೆ ಬಡ ರೈತ ಹೆಂಗಸರು ದೊಡ್ಡ ಯೋಜನೆಯನ್ನೂ ತೂಗಿ ನೋಡಬಲ್ಲರು ಎಂಬುದು ಅಲ್ಲಿ ಸಾಬೀತಾಯಿತು.

ಇನ್ನು ಝರಾಸಂಗಂ ಮಂಡಲದ ಮಾಚನೂರು. ಅಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಶುರುವಾಯಿತು. ನಡೆಸಿದವರು ದಲಿತ ಹೆಣ್ಣುಮಕ್ಕಳು, ಆಡಿದ ಮಾತು ನಮ್ಮ ಊರುಗಳ ಆಡುಮಾತು. ಮೈಕಿನ ಮುಂದೆ ಬಿತ್ತನೆ, ಸೊಪ್ಪು, ಔಷಧಿಯ ಬಗ್ಗೆ ಊರೂರಿಗೆ ಹೇಳಬಲ್ಲವರು ಪಂಚಾಯಿತಿಯ ಕೋಣೆಯಲ್ಲಿ ಮಾತಾಡಲಾರರು ಎಂದರೆ ದೋಷ ಅವರ ನಾಲಿಗೆಯದಲ್ಲ, ಆ ಕೋಣೆಯದು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಈ ಸಂಸ್ಥೆಗೆ ಈಕ್ವೇಟರ್ ಪ್ರಶಸ್ತಿ ಕೊಟ್ಟಿತು. ಹೊರಗಿನವರು ಕಂಡದ್ದನ್ನು ಪಕ್ಕದ ಓಣಿಯವರು ಕಾಣದಿರುವುದು ವಿಪರ್ಯಾಸ.

ಕಟ್ಟಿಗೆ ಕಡಿಯುವವರನ್ನೇ ಸಭೆಗೆ ಕರೆದರೆ ಕಾಡು ಉಳಿಯುತ್ತದೆಯೇ ಎಂಬ ಅನುಮಾನ ಕೆಲವರದು. ಇದಕ್ಕೂ ಉತ್ತರ ಇದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಗುಜರಾತಿನ ಮತ್ತು ನೇಪಾಳದ ಊರ ಕಾಡಿನ ಸಮಿತಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಸಮಿತಿಯಲ್ಲಿ ಹೆಂಗಸರು ಹೆಚ್ಚಿದ್ದ ಕಡೆ ಕಾಡು ಚೆನ್ನಾಗಿ ಚಿಗುರಿತ್ತು ಎಂಬುದನ್ನು ಕಂಡರು. ನೂರಕ್ಕೆ 25ರಿಂದ 33ರಷ್ಟು ಹೆಂಗಸರಿದ್ದಾಗ ಅವರು ಸಭೆಗೆ ಬರುವುದೂ ಬಾಯಿ ಬಿಡುವುದೂ ಹೆಚ್ಚಾಗುತ್ತದೆ, ಆ ಹೆಂಗಸರು ಉಳ್ಳವರ ಮನೆಯವರೋ ಬಡವರೋ ಎಂಬುದೂ ಮುಖ್ಯ ಎಂದರು. ಇದರಲ್ಲಿ ಸೋಜಿಗವೇನಿಲ್ಲ. ಗುಡ್ಡಕ್ಕೆ ದಿನಾ ಹೋಗುವವಳಿಗೆ ಯಾರು ಯಾವಾಗ ಎಲ್ಲಿ ಕಡಿಯುತ್ತಾರೆ ಎಂಬುದು ಗೊತ್ತು. ತಾನೇ ಒಪ್ಪಿದ ನಿಯಮವನ್ನು ಅವಳು ಮುರಿಯುವುದಿಲ್ಲ, ಮುರಿಯುವವರನ್ನು ಬಿಡುವುದೂ ಇಲ್ಲ.

ಒಂಟಿ ಹೆಂಗಸನ್ನು ಹದಿನಾಲ್ಕು ಗಂಡಸರ ನಡುವೆ ಕೂಡಿಸಿ ‘ಮಾತಾಡವ್ವಾ’ ಎಂದರೆ ಅವಳು ಏನು ಮಾತಾಡಿಯಾಳು? ನಾಲ್ಕೈದು ಮಂದಿ ಜೊತೆಗಿದ್ದರೆ ಒಬ್ಬಳ ಮಾತಿಗೆ ಇನ್ನೊಬ್ಬಳು ‘ಹೌದು’ ಎನ್ನುತ್ತಾಳೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇದಕ್ಕೂ ಸಲ್ಲುತ್ತದೆ.

ಆಗಬೇಕಾದದ್ದು

ಇವೆಲ್ಲಕ್ಕೂ ಹೊಸ ಕಾನೂನು ಬೇಕಾಗಿಲ್ಲ, ಮನಸ್ಸಿದ್ದರೆ ಮುಂದಿನ ಗ್ರಾಮಸಭೆಯಲ್ಲಿಯೇ ಶುರುಮಾಡಬಹುದು.

ಮೊದಲನೆಯದು, ಸಭೆಯ ಜಾಗ ಮತ್ತು ಹೊತ್ತು. ಗುಡ್ಡದ ಸಭೆ ಒಂದು ಸಲ ತಾಂಡಾದಲ್ಲಿ, ಒಂದು ಸಲ ಕೇರಿಯಲ್ಲಿ ನಡೆಯಲಿ. ಕೂಲಿಯಿಂದ ಬಂದು ಉಂಡ ಮೇಲೆ ರಾತ್ರಿ ನಡೆಯಲಿ. ಊರ ಭಜನೆ ರಾತ್ರಿ ನಡೆಯುತ್ತದೆ, ಊರ ಸಭೆ ನಡೆಯಬಾರದೇ? 2018ರಲ್ಲಿ ತೆಲಂಗಾಣದ ಅನೇಕ ತಾಂಡಾಗಳು ಸ್ವಂತ ಪಂಚಾಯಿತಿಗಳಾದವು. ಎರಡು ಪಂಚಾಯಿತಿಗೆ ಒಂದೇ ಗುಡ್ಡ ಇದ್ದ ಕಡೆ ಇಬ್ಬರೂ ಕೂಡಿಯೇ ಕೂಡಬೇಕು.

ಎರಡನೆಯದು, ಭಾಷೆ. ವಿಷಯ ಏನೆಂಬುದನ್ನು ಒಂದು ವಾರ ಮುಂಚೆ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಗೋರಮಾಟಿಯಲ್ಲಿಯೂ ಡಂಗುರ ಸಾರಲಿ. ಬರೆದ ಠರಾವನ್ನು ಎದ್ದು ಹೋಗುವ ಮೊದಲು ಆ ಮೂರೂ ಮಾತಿನಲ್ಲಿ ಓದಿ ಹೇಳಲಿ. ಓದಿ ಹೇಳದೆ ಪಡೆದ ಹೆಬ್ಬೆಟ್ಟು ಒಪ್ಪಿಗೆಯಲ್ಲ ಎಂದು ಊರೇ ನಿಯಮ ಮಾಡಿಕೊಳ್ಳಲಿ. ಎರಡು ಭಾಷೆ ಬಲ್ಲ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೇನಿದೆ?

ಮೂರನೆಯದು, ಹೆಂಗಸರ ಸಭೆ ಮೊದಲು, ಊರ ಸಭೆ ಆಮೇಲೆ. ಹೆಂಗಸರೂ ಆಡು ಕಾಯುವವರೂ ತಮ್ಮತಮ್ಮಲ್ಲಿ ಕೂತು ತಮಗೇನು ಬೇಕೆಂದು ಗಟ್ಟಿ ಮಾಡಿಕೊಂಡು ಬಂದರೆ ದೊಡ್ಡ ಸಭೆಯಲ್ಲಿ ಅವರ ನಾಲಿಗೆ ತಡವರಿಸುವುದಿಲ್ಲ.

ನಾಲ್ಕನೆಯದು, ಗುಡ್ಡ ಮುಚ್ಚುವ ಮಾತು ಬಂದಾಗ ಮೊದಲು ಅದನ್ನು ನಂಬಿದವರ ಲೆಕ್ಕ ಆಗಲಿ. ನೆಲದ ಮೇಲೆ ನಕ್ಷೆ ಬರೆದು ಯಾವ ಮನೆ ಎಲ್ಲಿಂದ ಕಟ್ಟಿಗೆ ತರುತ್ತದೆ, ಎಷ್ಟು ಆಡು ಎಲ್ಲಿ ಮೇಯುತ್ತವೆ ಎಂಬುದನ್ನು ಗುರುತಿಸಲಿ. ಒಂದೇ ಸಲ ಎಲ್ಲ ಮುಚ್ಚದೆ ಗುಡ್ಡವನ್ನು ಪಾಲು ಮಾಡಿ ಸರದಿಯಂತೆ ಮುಚ್ಚಲಿ. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ಒಯ್ಯುವ ಮೊದಲ ಹಕ್ಕು ಭೂಮಿ ಇಲ್ಲದವರಿಗೆ ಇರಲಿ. ಯಾವ ಸಸಿ ಎಂಬುದನ್ನೂ ಅವರೇ ಹೇಳಲಿ. ಸೀತಾಫಲ, ಹೊಂಗೆ, ಬೇವು, ನೆಲ್ಲಿ ಎನ್ನುತ್ತಾರೋ, ಬೇರೇನು ಎನ್ನುತ್ತಾರೋ ಕೇಳೋಣ.

ಐದನೆಯದು, ಒಪ್ಪದವರ ಮಾತೂ ಪುಸ್ತಕದಲ್ಲಿ ಬೀಳಲಿ. ‘ಎಲ್ಲರೂ ಒಪ್ಪಿದರು’ ಎಂದು ಬರೆಯುವ ಅಭ್ಯಾಸ ಬಿಡೋಣ. ಯಾರು ಬೇಡ ಎಂದರು, ಯಾಕೆ ಎಂದರು ಎಂಬುದು ಬರೆದಿದ್ದರೆ ನಾಳೆ ತಪ್ಪಾದಾಗ ತಿದ್ದಲು ದಾರಿ ಇರುತ್ತದೆ. ವರ್ಷಕ್ಕೆರಡು ಸಲ ಖರ್ಚುವೆಚ್ಚದ ಲೆಕ್ಕವನ್ನು ಜೋರಾಗಿ ಓದಲಿ.

ಉಳ್ಳವರಿಗೆ ಒಂದು ಮಾತು

ಈ ಪುಟ ಓದುವವರಲ್ಲಿ ಬಹುಮಂದಿ ಹೊಲ ಉಳ್ಳವರು, ಅಂಗಡಿ ಅಡತಿ ನಡೆಸುವವರು. ಸಭೆಯ ಮುಂದಿನ ಸಾಲಿನಲ್ಲಿ ಕೂರುವವರೂ ಅವರೇ. ಅವರಿಗೆ ಬಿಚ್ಚುಮನಸ್ಸಿನ ಒಂದೆರಡು ಮಾತು ಹೇಳಲೇಬೇಕು.

ಗೈರಾನಿನ ಅಂಚನ್ನು ವರ್ಷಕ್ಕೊಂದು ಸಾಲು ಒಳಗೆ ಉತ್ತುಕೊಂಡವರು ಆಡಿನವನಿಗೆ ‘ಗುಡ್ಡ ಹಾಳು ಮಾಡ್ತೀಯಾ’ ಎಂದು ಗದರುವುದು ನಡೆದೇ ಇದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಕನ್ನಡದಲ್ಲಿ ಹೇಳುತ್ತೇವೆ, ಕಂಚೆಯೇ ಚೇನು ಮೇಯುವ ಗಾದೆ ತೆಲುಗಿನಲ್ಲಿಯೂ ಇದೆ. ಎರಡೂ ಭಾಷೆಯ ಹಿರಿಯರು ಇದನ್ನು ಕಂಡೇ ಗಾದೆ ಮಾಡಿದ್ದಾರೆ. ಊರಿನ ಸಾರ್ವಜನಿಕ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಇನ್ನೊಂದು ಮಾತು. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ನಿಮ್ಜ್ ಕೈಗಾರಿಕಾ ವಲಯಕ್ಕೆಂದು 12,635 ಎಕರೆ ಗುರುತಿಸಿದಾಗ ಪಟ್ಟಾ ಜಮೀನಿನವರಿಗೆ ಊರಿನಲ್ಲಿ ಮಾತು ಬೇಕೆನಿಸಿತು. ‘ನಮ್ಮನ್ನು ಕೇಳದೆ ಹೇಗೆ ತೀರ್ಮಾನಿಸಿದಿರಿ’ ಎಂದು ಕೇಳಿದೆವು. ಕೇಳಿದ್ದು ಸರಿಯೇ ಆಗಿತ್ತು. ಅದೇ ಪ್ರಶ್ನೆಯನ್ನು ಗುಡ್ಡದ ಬಗ್ಗೆ ಕೇರಿಯವಳು ನಮಗೆ ಕೇಳಿದರೆ ನಮ್ಮ ಉತ್ತರ ಏನು? ಮೇಲಿನವರಿಂದ ನಾವು ಬಯಸುವ ನ್ಯಾಯವನ್ನು ನಮಗಿಂತ ಕೆಳಗಿದ್ದವರಿಗೆ ನಾವು ಕೊಡದಿದ್ದರೆ ನಮ್ಮ ಕೂಗಿಗೆ ತೂಕ ಇರುವುದಿಲ್ಲ.

ಲಾಭದ ಲೆಕ್ಕವೂ ಇದೆ. ಗುಡ್ಡ ಮುಚ್ಚಿದರೆ ಆಡು ಹಸಿವಿನಿಂದ ಸಾಯುವುದಿಲ್ಲ, ರಾತ್ರಿ ನಿಮ್ಮ ಕಡಲೆಗೆ ನುಗ್ಗುತ್ತದೆ. ಜಗಳ, ಠಾಣೆ, ಕೋರ್ಟು ಎಂದು ಎರಡೂ ಕಡೆಯ ರೊಕ್ಕ ಹೋಗುತ್ತದೆ. ಬೋಳು ಗುಡ್ಡದ ಮಳೆನೀರು ಕೆಂಪಗೆ ಹರಿದು ನಿಮ್ಮ ಬಾವಿಯ ಪಕ್ಕದಲ್ಲೇ ಹಳ್ಳಕ್ಕೆ ಹೋಗುತ್ತದೆ. ಸೀತಾಫಲ ಕೊಳ್ಳುವ ವ್ಯಾಪಾರಿಗೆ ಹಣ್ಣು ಆಯುವವಳ ಗುಡ್ಡ ಬೇಕೇ ಬೇಕು. ಅವಳ ಮಾತಿನಿಂದ ಕಾಡು ಉಳಿದರೆ ಉಳಿಯುವುದು ಎಲ್ಲರ ಬದುಕು.

ಈ ಸಲ ಮಳೆಗಾಲದ ಸಸಿಗಳ ಟ್ರ್ಯಾಕ್ಟರು ಊರಿಗೆ ಬರುವ ಮೊದಲೇ ಸರಪಂಚರು ಒಂದು ರಾತ್ರಿ ಕೇರಿಯಲ್ಲಿ, ಒಂದು ರಾತ್ರಿ ತಾಂಡಾದಲ್ಲಿ ಚಾಪೆ ಹಾಸಿ ಕೂಡಲಿ. ‘ಎಲ್ಲಿ ನೆಡೋಣ, ಏನು ನೆಡೋಣ, ಎಲ್ಲಿ ದಾರಿ ಬಿಡೋಣ’ ಎಂಬ ಮೂರು ಪ್ರಶ್ನೆ ಕೇಳಲಿ. ಉತ್ತರ ಬರುವ ತನಕ ಸುಮ್ಮನೆ ಕೂತಿರಲಿ. ಅಧಿಕಾರಿಗಳು ಆ ಎರಡು ರಾತ್ರಿಯ ಪುಸ್ತಕ ನೋಡಿದ ಮೇಲೆಯೇ ತಂತಿಬೇಲಿಗೆ ಮಂಜೂರಾತಿ ಕೊಡಲಿ. ನಮ್ಮ ಭಾಗದ ಶಾಸಕರೂ ಮಂಡಲದ ಪ್ರತಿನಿಧಿಗಳೂ ಇಷ್ಟನ್ನು ಒತ್ತಾಯಿಸಿದರೆ ಸಾಕು, ನಾವು ಹೆಚ್ಚಿನದೇನೂ ಕೇಳುವುದಿಲ್ಲ.